ಟ್ಯಾನರ್ ಎಂಬ ಹೆಸರು

ಅರ್ಜಿ ತುಂಬುವಾಗಲೆಲ್ಲ ನಾವು ಒಂದು ಕಡೆ ನಿಲ್ಲುತ್ತೇವೆ. 'ಸರ್‌ನೇಮ್' ಎಂಬ ಖಾಲಿ ಜಾಗ. ನಮ್ಮಪ್ಪನಿಗೆ ಊರವರು ಕೊಟ್ಟ ಅಡ್ಡಹೆಸರು ಅಲ್ಲಿ ಬರೆಯುವಂಥದಲ್ಲ. ಅದು ಬೈಗುಳ.

ಇಂಗ್ಲಿಷ್ ಕಲಿತ ಮೇಲೆ ನಮಗೊಂದು ಹೆಸರು ಸಿಕ್ಕಿತು: ಟ್ಯಾನರ್. ಇಂಗ್ಲೆಂಡಿನ ಮನೆತನದ ಹೆಸರು. ಅರ್ಥ, ತೊಗಲು ಹದ ಮಾಡುವವನು. ಬಾರ್ಕರ್ ಎಂಬುದೂ ಹೆಚ್ಚಾಗಿ ಅದೇ ಕಸುಬಿನದು; ಬಾರ್ಕ್ ಅಂದರೆ ತೊಗಟೆ. ಅವರು ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಹೆರೆದು, ಓಕ್ ಮರದ ತೊಗಟೆಯ ಗುಂಡಿಯಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ನಮ್ಮ ತಾತ ತಂಗಡಿ ತೊಗಟೆ ಹಾಕುತ್ತಿದ್ದ. ಮರ ಬೇರೆ, ನಾತ ಒಂದೇ. ಲಂಡನ್ನಿನಲ್ಲೂ ಈ ಕೆಲಸ ಬಹುಪಾಲು ನಡೆದದ್ದು ಊರ ಗೋಡೆಯ ಹೊರಗೆ, ಥೇಮ್ಸ್ ಹೊಳೆಯಾಚೆಯ ಬರ್ಮಂಡ್ಸೆಯಲ್ಲಿ.

ಮೊದಮೊದಲು ಇದು ಬರೀ ಗುರುತು. ಊರಲ್ಲಿ ನಾಲ್ಕು ಜನ ಜಾನ್‌ಗಳಿದ್ದರೆ ತೊಗಲಿನ ಜಾನ್ ಯಾರು ಅಂತ ಗೊತ್ತಾಗಬೇಕಲ್ಲ. ಮಗ ಬೇರೆ ಕಸುಬು ಹಿಡಿದರೆ ಹೆಸರೂ ಬದಲು. ಸುಮಾರು 13, 14ನೇ ಶತಮಾನಗಳಲ್ಲಿ ಇಂಥ ಹೆಸರುಗಳು ಮೆಲ್ಲಗೆ ಗಟ್ಟಿಯಾದವು. 1377, 1379, 1381ರಲ್ಲಿ ದೊರೆಗಳು ತಲೆಗಂದಾಯ ಹಾಕಿದಾಗ ಪಟ್ಟಿಗಳಲ್ಲಿ ಕೂತವು. 1538ರಿಂದ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಮಣ್ಣುಗಳನ್ನು ಬರೆದಿಡತೊಡಗಿದ ಮೇಲೆ ಇನ್ನೂ ಭದ್ರವಾದವು. ಆಮೇಲೆ ಟ್ಯಾನರನ ಮಗ ರೊಟ್ಟಿ ಸುಟ್ಟರೂ ಟ್ಯಾನರ್. ಕಸುಬು ಹೋಯಿತು, ಹೆಸರು ಉಳಿಯಿತು.

ಆ ಹೆಸರು ಸಮುದ್ರ ದಾಟಿತು. ಅಮೆರಿಕದ ಗಗನಯಾತ್ರಿ ಜೋಸೆಫ್ ಟ್ಯಾನರ್ 1994ರಿಂದ 2006ರೊಳಗೆ ನಾಲ್ಕು ಸಲ ಅಂತರಿಕ್ಷಕ್ಕೆ ಹೋಗಿಬಂದರು. ಹೆಸರು ಕೇಳಿ ಯಾರು ಮೂಗು ಮುಚ್ಚಿಕೊಂಡರು?

ಇದನ್ನೆಲ್ಲ ಅಪ್ಪನಿಗೆ ಹೇಳಿದೆವು. ಅಪ್ಪ ಬೀಡಿ ಆರಿಸಿ ಕೇಳಿದ: "ಅಲ್ಲಿ ತೊಗಲು ಹದ ಮಾಡೋನು ಊರ ಬಾವಿಗೆ ಕೊಡ ಇಳಿಸ್ಬೋದಿತ್ತಾ ಮಗಾ?"

"ಹೂಂ ಅಪ್ಪ, ಇಳಿಸ್ಬೋದಿತ್ತು."

"ಹಂಗಾರೆ ಅವರ್ದು ಕಸುಬು ಕಣ್ಲಾ. ನಮ್ದು ಕಸುಬಲ್ಲ."

ತಾತನ ರಂಪಿಗೆ ತುಕ್ಕು ಹಿಡಿದು ಎಷ್ಟೋ ವರ್ಷವಾಯಿತು. ನಾವು ಡಿಗ್ರಿ ತಂದೆವು. ಆದರೂ ಪೇಟೆಯಲ್ಲಿ ಬಾಡಿಗೆ ಮನೆ ಕೇಳಿದರೆ ಓನರು ಮೊದಲು ಕೇಳುವುದು, 'ನೀವು ಯಾವ ಜನ?' ಗೆಳೆಯರೇ, ಅಲ್ಲಿ ಹೆಸರು ಕಸುಬನ್ನು ಬಿಟ್ಟು ನಡೆಯಿತು. ಇಲ್ಲಿ ಕಸುಬು ಬಿಟ್ಟರೂ ಅದರ ಹೆಸರು ನಮ್ಮನ್ನು ಬಿಟ್ಟಿಲ್ಲ.

ಮೊನ್ನೆ ಆ ಖಾಲಿ ಜಾಗದಲ್ಲಿ ಅಪ್ಪನ ಹೆಸರು ಬರೆದೆವು. ಊರವರು ಕೊಟ್ಟದ್ದಲ್ಲ. ಅಜ್ಜಿ ಇಟ್ಟದ್ದು.