ಡೇರೆ ಹಾಕುವ ಮೊದಲು ಎತ್ತರ ಕೇಳಿ



ಬೇಸಿಗೆ ರಜೆ ಬಂತೆಂದರೆ ನಮ್ಮ ಹೊಸೂರಿನ ಮನೆಗಳಲ್ಲಿ ಊಟಿ, ಯೇರ್ಕಾಡುಗಳ ಮಾತು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಹಲವು ವರ್ಷಗಳಿಂದ ಡೇರೆಯ ಹುಚ್ಚು. ಲಾಡ್ಜಿನ ಕೋಣೆಗಿಂತ ನಾಲ್ಕು ಗೂಟಗಳ ನಡುವಿನ ನಿದ್ದೆಯೇ ನಮಗೆ ರುಚಿ. ಚಂಡೀಗಢದಲ್ಲಿ ಕೆಲಸದಲ್ಲಿರುವ ನನ್ನ ತಮ್ಮನದೊಂದು ಬೊಲೆರೊ ಇದೆ. ಅದರ ಹಿಂದಿನ ಸೀಟು ತೆಗೆದು, ಹಲಗೆ ಹಾಸಿ, ಮೇಲೆ ಹತ್ತಿಯ ಹಾಸಿಗೆ ಬಿಡಿಸಿದರೆ ಇಬ್ಬರು ಮಲಗಬಹುದು. ಉಳಿದಿಬ್ಬರಿಗೆ ಪಕ್ಕದಲ್ಲೇ ಡೇರೆ. ಹೀಗೆ ನಾನು, ನನ್ನ ಹೆಂಡತಿ, ಕಾಲೇಜು ಓದುವ ಮಗಳು ಮತ್ತು ತಮ್ಮ ಎರಡು ಬಾರಿ ಲಡಾಖ್ ಕಡೆಗೆ ಹೋಗಿಬಂದೆವು. ಬೆಟ್ಟವೂ ಮರುಭೂಮಿಯೂ ಒಂದೇ ಕಡೆ ಸಿಗುವ ನಾಡು ಅದು. ಎಲ್ಲೆಲ್ಲಿ ಡೇರೆ ಹಾಕಬಹುದು ಎಂದು ಹಲವರು ಕೇಳುತ್ತಾರೆ. ಅದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು.

ಸರ್ಚುವಿನ ಆ ರಾತ್ರಿ

ಮೊದಲ ಸಲ ಹೋದದ್ದು 2022ರ ಜೂನ್ ಕೊನೆಯಲ್ಲಿ. ನನಗಿದ್ದದ್ದು ಹತ್ತೇ ದಿನ ರಜೆ. ಒಂದು ದಿನವೂ ಹಾಳಾಗಬಾರದೆಂಬ ಹಟ ನನ್ನದು. ಮನಾಲಿಯಲ್ಲಿ ಒಂದು ರಾತ್ರಿ ಕಳೆದು ಬೆಳಗ್ಗೆ ಹೊರಟೆವು. ಮೊದಲಾದರೆ ರೋಹ್ತಾಂಗ್ ಕಣಿವೆದಾರಿ ಹತ್ತಿ ಇಳಿಯುವುದಕ್ಕೇ ಅರ್ಧ ದಿನ ಹೋಗುತ್ತಿತ್ತು. 2020ರ ಅಕ್ಟೋಬರಿನಲ್ಲಿ ತೆರೆದ ಅಟಲ್ ಸುರಂಗ 9.02 ಕಿ.ಮೀ. ಉದ್ದವಿದೆ, ಕಾಲು ಗಂಟೆಯೊಳಗೆ ಆಚೆ ಬದಿಯ ಲಾಹೌಲ್‌ಗೆ ಬಂದೆವು. ಜಿಸ್ಪಾದಲ್ಲಿ ಊಟ ಮಾಡುವಾಗ, "ಇಲ್ಲೇ ಎರಡು ದಿನ ಇರೋಣ, ನದಿ ಎಷ್ಟು ಚೆನ್ನಾಗಿದೆ" ಎಂದಳು ನನ್ನ ಹೆಂಡತಿ. ನಾನು ಒಪ್ಪಲಿಲ್ಲ. ಬಾರಾಲಾಚಾ ಲಾ ದಾಟಿ ಸಂಜೆಗೆ ಸರ್ಚು ತಲುಪಿದೆವು.

ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಸರ್ಚು ಸುಮಾರು 4,290 ಮೀಟರ್. ಒಂದೇ ಹಗಲಿನಲ್ಲಿ ಎರಡು ಸಾವಿರ ಮೀಟರಿಗೂ ಮಿಕ್ಕಿ ಏರಿದ್ದೆವು. ಮಗಳು ತಂದಿದ್ದ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿತ್ತು. ನೋಡಿ ಎಲ್ಲರೂ ನಕ್ಕೆವು. ಹೊರಗಿನ ಗಾಳಿ ಎಷ್ಟು ತೆಳುವಾಗಿದೆ ಎಂದು ಆ ಪೊಟ್ಟಣ ಹೇಳುತ್ತಿತ್ತು, ನಮಗೆ ತಿಳಿಯಲಿಲ್ಲ.

ರಾತ್ರಿ ಹತ್ತಕ್ಕೆ ತಮ್ಮನಿಗೆ ತಲೆನೋವು ಬಂತು. ಹನ್ನೊಂದಕ್ಕೆ ವಾಂತಿ. ನಮ್ಮಲ್ಲಿ ಗಟ್ಟಿಗ ಅವನೇ. ದಿನಾ ಬೆಳಗ್ಗೆ ಐದು ಕಿ.ಮೀ. ಓಡುವವನು. ದಣಿವಿರಬೇಕೆಂದು ಮಾತ್ರೆ ಕೊಟ್ಟು ಮಲಗಿಸಿದೆ. ಎರಡು ಗಂಟೆಗೆ ಅವನು ಮೂತ್ರಕ್ಕೆಂದು ಎದ್ದಾಗ ಕುಡಿದವನಂತೆ ತೂರಾಡಿದ. ಮಗಳು ಟಾರ್ಚ್ ಹಿಡಿದು, "ಚಿಕ್ಕಪ್ಪಾ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೆಟ್ಟಗೆ ನಡೆಯಿರಿ ನೋಡೋಣ" ಎಂದಳು. ಅವನಿಂದ ನಾಲ್ಕು ಹೆಜ್ಜೆ ಆಗಲಿಲ್ಲ. "ಅಪ್ಪಾ, ಇದು ತಲೆನೋವಲ್ಲ. ಎತ್ತರ ಮಿದುಳಿಗೆ ಹತ್ತಿದ ಲಕ್ಷಣ. ಈಗಲೇ ಇಳಿಸಬೇಕು" ಎಂದಳು. ಹೊರಡುವ ಮೊದಲು ಅವಳು ಅದನ್ನು ಓದಿಕೊಂಡಿದ್ದಳು. ನಾನು ಓದಿದ್ದು ನೋಡಬೇಕಾದ ಸ್ಥಳಗಳ ಪಟ್ಟಿ ಮಾತ್ರ.

ಇಳಿಸುವುದು ಎಲ್ಲಿಗೆ? ಸರ್ಚುವಿನ ಕಷ್ಟವೇ ಅದು. ಮುಂದೆ ಹೋದರೂ ಐದು ಸಾವಿರ ಮೀಟರಿನ ಕಣಿವೆದಾರಿ, ಹಿಂದೆ ಹೋದರೂ 4,890 ಮೀಟರಿನ ಬಾರಾಲಾಚಾ. ಇಳಿಯಬೇಕೆಂದರೆ ಮೊದಲು ಏರಲೇಬೇಕು. ವಾಹನ ನಡೆಸುವವನು ತಮ್ಮ. ನಾನು ಓಡಿಸಿದ್ದು ಕೃಷ್ಣಗಿರಿ, ಧರ್ಮಪುರಿಯ ಹೆದ್ದಾರಿಯಲ್ಲಿ. ಪಕ್ಕದ ಡೇರೆಗಳ ಮಾಲೀಕರು ಎದ್ದು ಬಂದು ಆಮ್ಲಜನಕದ ಸಿಲಿಂಡರ್ ಕೊಟ್ಟರು. "ಈಗ ನಾಲಾಗಳಲ್ಲಿ ನೀರು ಕಡಿಮೆ. ನಿಧಾನವಾಗಿ ಹೋಗಿ, ನಿಲ್ಲಿಸಬೇಡಿ" ಎಂದರು. ಮೂರು ಗಂಟೆಗೆ ಹೊರಟೆವು. ಎರಡೂ ಬದಿಗೆ ಹಿಮದ ಗೋಡೆ, ನಡುವೆ ದೀಪದ ಬೆಳಕಿನಷ್ಟೇ ದಾರಿ. ಹೆಂಡತಿ ಹಿಂದೆ ಕುಳಿತು ಅವನನ್ನು ನಿದ್ದೆಗೆ ಬಿಡದೆ ಮಾತನಾಡಿಸುತ್ತಲೇ ಇದ್ದಳು. ನಮ್ಮ ಅಮ್ಮನ ಹೆಸರು ಕೇಳಿದಾಗ ಅವನು ಒಂದು ಕ್ಷಣ ತಡವರಿಸಿದ. ಆ ಕ್ಷಣವನ್ನು ನಾನು ಸಾಯುವವರೆಗೆ ಮರೆಯಲಾರೆ.

ಬೆಳಗಾಗುವಾಗ ಬಾರಾಲಾಚಾ ದಾಟಿದ್ದೆವು. ದಾರ್ಚಾ ತಲುಪುವಷ್ಟರಲ್ಲಿ ಅವನ ಮಾತು ನೆಟ್ಟಗಾಗಿತ್ತು. ಜಿಸ್ಪಾದಲ್ಲಿ, "ಅತ್ತಿಗೆ, ಗಂಜಿ ಸಿಗುತ್ತಾ?" ಎಂದು ಕೇಳಿದ. ನನ್ನ ಹೆಂಡತಿ ಅಲ್ಲೇ ರಸ್ತೆ ಬದಿಯಲ್ಲಿ ಕುಳಿತು ಅತ್ತಳು. ಕೇಲಾಂಗಿನ ಆಸ್ಪತ್ರೆಯಲ್ಲಿ ವೈದ್ಯರು ಪರೀಕ್ಷಿಸಿ, "ಇಳಿಸಿದ್ದೇ ಔಷಧ. ಬೆಳಗಿನವರೆಗೆ ಕಾಯೋಣ ಅಂದಿದ್ದರೆ ಕಷ್ಟವಾಗುತ್ತಿತ್ತು" ಎಂದರು. ಆ ಸಲ ಲೇಹ್ ನೋಡಲಿಲ್ಲ. ಜಿಸ್ಪಾದ ನದಿ ದಂಡೆಯಲ್ಲೇ ಐದು ದಿನ ಇದ್ದು ಮರಳಿದೆವು.

ದೇಹಕ್ಕೆ ಬೇಕಾದ ಸಮಯ

ಸರ್ಚುವಿನಷ್ಟು ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತು ಪಾಲಿನಷ್ಟು ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಗಟ್ಟಿಗ, ದುರ್ಬಲ ಎಂಬ ಭೇದ ಇಲ್ಲಿಲ್ಲ. ವೈದ್ಯರು ಹೇಳುವ ಲೆಕ್ಕ ಸುಲಭ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಯದಕ್ಕಿಂತ 500 ಮೀಟರಿಗಿಂತ ಹೆಚ್ಚು ಎತ್ತರವಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ವಿಶ್ರಮಿಸಬೇಕು. ಹಗಲು ಎಷ್ಟೇ ಎತ್ತರ ಹತ್ತಿ, ರಾತ್ರಿ ತಗ್ಗಿಗೆ ಇಳಿದು ಮಲಗಿ. ಸುರಂಗ ದಾರಿಯನ್ನು ಹತ್ತಿರ ಮಾಡಿತು, ದೇಹಕ್ಕೆ ಬೇಕಾದ ಸಮಯವನ್ನು ಕಡಿಮೆ ಮಾಡಲಿಲ್ಲ.

2024ರ ಆಗಸ್ಟ್ ಕೊನೆಯಲ್ಲಿ ಮತ್ತೆ ಹೊರಟಾಗ ನಾನು ನಿವೃತ್ತನಾಗಿದ್ದೆ. ಕೈಯಲ್ಲಿ ಮೂರು ವಾರವಿತ್ತು. ಈ ಸಲ ಮಗಳೇ ಪಟ್ಟಿ ಮಾಡಿದಳು. ಪ್ರತಿ ಊರಿನ ಹೆಸರಿನ ಮುಂದೆ ನೋಡುವ ಸ್ಥಳದ ಬದಲು ಮಲಗುವ ಎತ್ತರ ಬರೆದಳು. ಶ್ರೀನಗರದಿಂದ ಹೊರಟು ಸೋನಮಾರ್ಗ್‌ನಲ್ಲಿ ಎರಡು ರಾತ್ರಿ, 2,700 ಮೀಟರಿನ ಆಸುಪಾಸು. ಜೋಜಿ ಲಾ ಏರಿ ಇಳಿದು ಅಷ್ಟೇ ಎತ್ತರದ ಕಾರ್ಗಿಲ್‌ನಲ್ಲಿ ಎರಡು ರಾತ್ರಿ. ಆಮೇಲೆ ಲೇಹ್, 3,500 ಮೀಟರ್. ಅಲ್ಲಿ ಮೂರು ದಿನ ಸುಮ್ಮನೆ ಕುಳಿತೆವು. ಯಾರಿಗೂ ತಲೆ ನೋಯಲಿಲ್ಲ.

ನಮಗೆ ಮೆಚ್ಚಿಗೆಯಾದ ಬೀಡುಗಳು

*ಹುಂಡರ್, ನುಬ್ರಾ ಕಣಿವೆ:* ಲೇಹ್‌ನಿಂದ ಖಾರ್ದುಂಗ್ ಲಾ ದಾಟಿ ಹೋಗಬೇಕು. ಅಲ್ಲಿ ಬಹುಕಾಲ ಫಲಕದಲ್ಲಿದ್ದ ಎತ್ತರ 5,602 ಮೀಟರ್. ಅಳೆದು ನೋಡಿದವರಿಗೆ ಸಿಕ್ಕಿದ್ದು ಸುಮಾರು 5,359. ಕಾಲು ಗಂಟೆಗಿಂತ ಹೆಚ್ಚು ನಿಲ್ಲದೆ ಇಳಿದರೆ ನುಬ್ರಾ ಸಿಗುತ್ತದೆ, ಅದು ಲೇಹ್‌ಗಿಂತಲೂ ತಗ್ಗು. ಏರಿ ಇಳಿದು ಮಲಗಲು ಇದಕ್ಕಿಂತ ಒಳ್ಳೆಯ ಊರಿಲ್ಲ. ಶ್ಯೋಕ್ ನದಿಯ ಪಕ್ಕ ಮರಳ ದಿಬ್ಬಗಳು, ಅವುಗಳ ಹಿಂದೆಯೇ ಹಿಮದ ಶಿಖರಗಳು. ಹಿಂದೆ ಯಾರ್ಕಂದ್ ಕಡೆಯ ವ್ಯಾಪಾರಿಗಳ ಸರಕು ಹೊರುತ್ತಿದ್ದ ಎರಡು ಡುಬ್ಬದ ಒಂಟೆಗಳ ಸಂತತಿ ಇಂದಿಗೂ ಅಲ್ಲಿದೆ.

ಮರಳ ಮೇಲೆಯೇ ಡೇರೆ ಹಾಕಬೇಕೆಂದು ಮಗಳ ಆಸೆ. ಮಧ್ಯಾಹ್ನದ ಗಾಳಿಗೆ ಗೂಟಗಳು ಒಂದೊಂದಾಗಿ ಕಿತ್ತು ಬಂದವು. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ; ಬಟ್ಟೆಯ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಹೂತಿಡಬೇಕು. ಕೊನೆಗೆ ಹಳ್ಳಿಯವರ ಅಪ್ಪಣೆ ಪಡೆದು ಅವರ ಏಪ್ರಿಕಾಟ್ ತೋಟದಲ್ಲಿ ಮಲಗಿದೆವು. ಮರಗಳೇ ಗಾಳಿಗೆ ಗೋಡೆಯಾದವು.

*ಹಾನ್ಲೆ:* ಸಿಂಧೂ ನದಿಯ ಜೊತೆಯಲ್ಲೇ ಪೂರ್ವಕ್ಕೆ ಹೋದರೆ ಚಾಂಗ್‌ಥಾಂಗ್ ಎಂಬ ಎತ್ತರದ ಬಯಲು. ಇಲ್ಲಿನ ಚಾಂಗ್ಪಾ ಜನ ಯಾಕ್ ಕೂದಲಿನ ಕಪ್ಪು ಡೇರೆಗಳಲ್ಲಿ, ಪಶ್ಮೀನಾ ಆಡುಗಳ ಹಿಂದೆ ಹುಲ್ಲು ಹುಡುಕುತ್ತಾ ವರ್ಷದಲ್ಲಿ ಹಲವು ಬಾರಿ ಬೀಡು ಬದಲಿಸುತ್ತಾರೆ. ಅವರ ಡೇರೆ ಗಾಳಿಗೆ ಬೆನ್ನು ಹಾಕಿ, ನೀರಿಗೆ ಹತ್ತಿರವಾಗಿ, ಒಣಹಳ್ಳದಿಂದ ದೂರವಾಗಿ ನಿಂತಿರುತ್ತದೆ. ಅದನ್ನು ನೋಡಿ ನಾವು ಕಲಿತದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಹಾನ್ಲೆಯ ಗುಡ್ಡದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಎಲ್ಲಿಂದ ಗೊತ್ತೆ? ನಮ್ಮ ಹೊಸೂರಿಗೆ ದೂರವೇನಲ್ಲದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ! ಅದನ್ನು ಕೇಳಿದಾಗ, ಅಷ್ಟು ದೂರದ ಗುಡ್ಡವೂ ಪಕ್ಕದ ಊರಿನಂತೆ ಅನಿಸಿತು. 2022ರ ಡಿಸೆಂಬರಿನಲ್ಲಿ ಈ ಪ್ರದೇಶವನ್ನು ಕತ್ತಲೆಯ ಆಗಸದ ರಕ್ಷಿತ ತಾಣವೆಂದು ಘೋಷಿಸಲಾಯಿತು. ರಾತ್ರಿ ವಾಹನದ ದೀಪ ಉರಿಸಬಾರದು, ಕಿಟಕಿಗೆ ಪರದೆ ಎಳೆಯಬೇಕು. ಹಳ್ಳಿಯ ಮನೆಯೊಂದರ ಅಂಗಳದಲ್ಲಿ ಡೇರೆ ಹಾಕಿದೆವು. ಆಕಾಶಗಂಗೆಯನ್ನು ನೋಡುತ್ತಾ ಮಲಗಿದೆವು. ಬೆಳಗ್ಗೆ ಬಾಟಲಿಯ ನೀರಿನ ಮೇಲೆ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. ಲೇಹ್, ನುಬ್ರಾ ಕಡೆ ಒಂಬತ್ತು ಹತ್ತು ದಿನ ಕಳೆದು, ದಾರಿಯಲ್ಲಿ ಚುಮಾಥಾಂಗ್‌ನಲ್ಲೂ ತಂಗಿ ಆಮೇಲೆಯೇ ಇಲ್ಲಿಗೆ ಬಂದೆವು. ಲೇಹ್‌ನಲ್ಲಿ ಇಳಿದ ಮರುದಿನವೇ ಹಾನ್ಲೆಗೆ ಓಡುವುದು ನಾನು ಸರ್ಚುವಿನಲ್ಲಿ ಮಾಡಿದ ತಪ್ಪೇ.

*ತ್ಸೋ ಕರ್:* ಉಪ್ಪುನೀರಿನ ಕೆರೆ, 4,500 ಮೀಟರಿಗೂ ಮೇಲೆ. ಕಪ್ಪು ಕೊರಳಿನ ಕೊಕ್ಕರೆಗಳು ಸಂಸಾರ ಹೂಡುವ ಜಾಗ. 2020ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ದಡದಲ್ಲಿ ಡೇರೆ ಬೇಡ, ಊರಿನ ಬಳಿಯ ಬೀಡಿನಲ್ಲೇ ಉಳಿಯಿರಿ. ಸ್ಪಿತಿ ಕಡೆಯ ಚಂದ್ರತಾಲ್‌ನಲ್ಲೂ ಇದೇ ಕಟ್ಟುಪಾಡು: ಡೇರೆಗಳು ಕೆರೆಯಿಂದ ದೂರದಲ್ಲಿ, ಕೆರೆಗೆ ನಡೆದೇ ಹೋಗಬೇಕು. ನಮ್ಮ ಕಾಲಿಗೆ ಸ್ವಲ್ಪ ನೋವು, ಹಕ್ಕಿಗೆ ನೆಮ್ಮದಿ.

ಮನೆಯವರಿಗೆ ಕೆಲವು ಮಾತು

ಒಣಗಿದ ಹಳ್ಳದಲ್ಲಿ, ಅದು ಎಷ್ಟೇ ಸಮತಟ್ಟಾಗಿದ್ದರೂ, ಡೇರೆ ಹಾಕಬೇಡಿ. ಲೇಹ್‌ನಲ್ಲಿ ಮಳೆ ಬಹಳ ಕಡಿಮೆ. ಆದರೂ 2010ರ ಆಗಸ್ಟಿನ ಒಂದು ರಾತ್ರಿ ಮೇಘಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಜನ ಕೆಸರಿನ ಪ್ರವಾಹಕ್ಕೆ ಬಲಿಯಾದರು.

ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು ಬೆಳಗ್ಗೆಯೇ ದಾಟಿ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಏರುತ್ತದೆ.

ಡೇರೆಯೊಳಗೆ ಅಥವಾ ವಾಹನದೊಳಗೆ ಸ್ಟೌ ಉರಿಸಬೇಡಿ, ಇಂಜಿನ್ ಚಾಲೂ ಇಟ್ಟು ಮಲಗಬೇಡಿ. ಕಣ್ಣಿಗೂ ಮೂಗಿಗೂ ತಿಳಿಯದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಚಳಿಯಿದ್ದರೂ ಕಿಟಕಿ ಒಂದು ಬೆರಳಷ್ಟು ತೆರೆದಿರಲಿ.

ಪ್ರೆಷರ್ ಕುಕ್ಕರ್ ಮರೆಯಬೇಡಿ. 4,300 ಮೀಟರಿನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ.

ತಲೆನೋವು, ವಾಕರಿಕೆ ಇದ್ದರೆ ಅಲ್ಲಿಂದ ಮೇಲಕ್ಕೆ ಹೋಗಬೇಡಿ. ಕುಳಿತಲ್ಲೇ ಏದುಸಿರು, ತೂರಾಟ, ಗೊಂದಲದ ಮಾತು ಕಂಡರೆ ಬೆಳಗಿನವರೆಗೆ ಕಾಯದೆ ಇಳಿಯಿರಿ. ಎತ್ತರಕ್ಕೆಂದು ಮಾತ್ರೆಗಳಿವೆ, ಆದರೆ ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಗಡಿ ಭಾಗದ ಪರವಾನಗಿ, ಶುಲ್ಕಗಳ ನಿಯಮ ಆಗಾಗ ಬದಲಾಗುತ್ತದೆ, ಅದನ್ನೂ ವಿಚಾರಿಸಿಕೊಳ್ಳಿ.

ಮತ್ತೆ ಸರ್ಚು

ಎರಡನೆಯ ಪ್ರಯಾಣದಲ್ಲಿ ಮನಾಲಿ ದಾರಿಯಲ್ಲಿ ಮರಳಿದೆವು. ಸರ್ಚುವಿನಲ್ಲಿ ಅದೇ ಡೇರೆಗಳ ಪಕ್ಕದಲ್ಲಿ ಬೊಲೆರೊ ನಿಲ್ಲಿಸಿದೆವು. ಮಾಲೀಕರು ತಮ್ಮನನ್ನು ಗುರುತಿಸಿ ತಬ್ಬಿಕೊಂಡರು. ಸಿಲಿಂಡರಿನ ಬಾಡಿಗೆ ಈಗಲಾದರೂ ತೆಗೆದುಕೊಳ್ಳಿ ಎಂದರೆ ಒಪ್ಪಲಿಲ್ಲ. ಚಹಾದ ದುಡ್ಡು ಮಾತ್ರ ಪಡೆದರು. ಎರಡು ವಾರ ಎತ್ತರದಲ್ಲೇ ಇದ್ದ ನಮಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು. ಊರು ಅದೇ, ಗಾಳಿ ಅದೇ, ನಾವು ಬಂದ ದಾರಿ ಮಾತ್ರ ಬೇರೆ.

ಮರುದಿನ ಜಿಸ್ಪಾಕ್ಕೆ ಇಳಿದು ಭಾಗಾ ನದಿಯ ದಂಡೆಯಲ್ಲಿ ಡೇರೆ ಹಾಕಿದೆವು. ಕುಕ್ಕರ್ ಕೂಗಿತು. ತಮ್ಮ ಎರಡು ಬಾರಿ ಬಡಿಸಿಕೊಂಡು ಗಂಜಿ ಉಂಡ. ಯಾವ ಬೀಡು ಎಲ್ಲಕ್ಕಿಂತ ಚೆಂದ ಎಂದು ಯಾರಾದರೂ ಕೇಳಿದರೆ ಮಗಳು ಹಾನ್ಲೆ ಎನ್ನುತ್ತಾಳೆ. ನನಗೂ ನನ್ನ ಹೆಂಡತಿಗೂ ಜಿಸ್ಪಾ. ಮೊದಲ ದಿನವೇ ಅವಳು ಅಲ್ಲಿ ಉಳಿಯೋಣ ಎಂದಿದ್ದಳು.