ತೊಟ್ಟಿಯೊಳಗಿನ ನೆರೆಹೊರೆ

ಪಾಲಿನ ದಾವೆಗಳಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ, ಯಾರು ಯಾರೊಡನೆ ಬಾಳಬಲ್ಲರೆಂಬುದು ಸುಲಭವಾಗಿ ತಿಳಿಯುತ್ತದೆ ಎಂದು ನಾನು ನಂಬಿದ್ದೆ. ಆ ಹಮ್ಮನ್ನು ಮುರಿದದ್ದು ನಮ್ಮ ಚಾವಡಿಯಲ್ಲಿರುವ ಮೂರಡಿ ಉದ್ದದ ಗಾಜಿನ ತೊಟ್ಟಿ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಏಳನೆಯ ತರಗತಿ ಓದುತ್ತಿರುವ ಮಗಳ ಬಹುದಿನದ ಬಯಕೆಯದು. ಕಳೆದ ಬೇಸಿಗೆ ರಜೆಯಲ್ಲಿ ಅಪ್ಪ, ಮಗಳು ಸೇರಿ ಅಂಗಡಿಗೆ ಹೋಗಿ, ಬಣ್ಣವನ್ನಷ್ಟೇ ನೋಡಿ ಮೀನುಗಳನ್ನು ಆರಿಸಿದೆವು: ಏಂಜೆಲ್ ಎರಡು, ಗಪ್ಪಿ ನಾಲ್ಕು, ನಿಯಾನ್ ಟೆಟ್ರಾ ನಾಲ್ಕು, ಕಪ್ಪು ಪಟ್ಟೆಯ ಟೈಗರ್ ಬಾರ್ಬ್ ಎರಡು. ಇವು ಪರಸ್ಪರ ಹೊಂದಿಕೊಳ್ಳುವವೇ ಎಂದು ನಾನು ಯಾರನ್ನೂ ಕೇಳಲಿಲ್ಲ.

ವಾರದೊಳಗೆ ಗಪ್ಪಿಗಳ ಬಾಲ ಚಿಂದಿಯಾಯಿತು; ಏಂಜೆಲ್‌ಗಳ ನೂಲಿನಂತಹ ಈಜುರೆಕ್ಕೆಗಳು ಮೊಟಕಾದವು. ಬಾರ್ಬ್‌ಗಳು ಕಚ್ಚುವುದನ್ನು ಮಗಳು ಕಣ್ಣಾರೆ ಕಂಡಿದ್ದಳು. ಪ್ರತ್ಯಕ್ಷ ಸಾಕ್ಷ್ಯವಿರುವಾಗ ಹೆಚ್ಚಿನ ವಿಚಾರಣೆಯೇಕೆ? ಅವೆರಡನ್ನೂ ಬೇರೊಂದು ಚಿಕ್ಕ ತೊಟ್ಟಿಗೆ ಹಾಕಿ, ದುಷ್ಟ ಜಾತಿಯೆಂದು ತೀರ್ಪಿತ್ತೆ. ಮೂರು ತಿಂಗಳ ಬಳಿಕ ಒಂದು ಬೆಳಗ್ಗೆ ನಿಯಾನ್‌ಗಳಲ್ಲಿ ಎರಡು ಕಾಣೆಯಾಗಿದ್ದವು. ಉಳಿದೆರಡು ಕಲ್ಲಿನ ಸಂದಿನಿಂದ ಹೊರಬರಲೊಲ್ಲವು. ಮಗಳು ಕಣ್ಣೊರೆಸಿಕೊಳ್ಳುತ್ತ, "ಬಾರ್ಬ್‌ಗಳು ಇಲ್ಲಿರಲೇ ಇಲ್ಲವಲ್ಲ ಅಪ್ಪಾ, ಇದು ಯಾರ ತಪ್ಪು?" ಎಂದಳು.

ಆ ರಾತ್ರಿ ಕಡತಗಳನ್ನು ಬದಿಗಿಟ್ಟು ಮೀನುಗಳ ಕುರಿತು ಓದತೊಡಗಿದೆ. ತೀರ್ಪಿನ ಮೊದಲೇ ರೂಪಿಸಬೇಕಿದ್ದ ವಿವಾದಾಂಶಗಳು ಮೂರು.

ಮೊದಲನೆಯದು ನೀರು. ನಮ್ಮ ಮುರಕಲ್ಲಿನ ಬಾವಿಯ ನೀರು ಮೆದು, ತುಸು ಆಮ್ಲೀಯ. ಅಮೆಜಾನಿನ ಕಾಡುತೊರೆಗಳಿಂದ ಬಂದ ನಿಯಾನ್‌ಗೆ ಅದು ಹಿತ. ಗಡಸು ನೀರನ್ನು ಬಯಸುವ ಗಪ್ಪಿ, ಮೋಲಿಗಳಿಗೆ ಅಷ್ಟು ಒಗ್ಗದು.

ಎರಡನೆಯದು ಗಾತ್ರ. ಅಂಗಡಿಯಲ್ಲಿರುವುದು ಮರಿ, ನಾವು ಎಣಿಸಬೇಕಾದುದು ಬೆಳೆದ ಮೇಲಿನ ಅಳತೆಯನ್ನು. ಬೆಳೆದ ಏಂಜೆಲ್, ಬಾಯಿಗೆ ಹಿಡಿಸುವ ನಿಯಾನನ್ನು ನುಂಗುವುದು ಕ್ರೌರ್ಯದಿಂದಲ್ಲ. ಅದು ಅದರ ಊಟ.

ಮೂರನೆಯದು ಸಂಖ್ಯೆ. ನಾನು ಸೋತದ್ದು ಇಲ್ಲಿಯೇ. ಟೈಗರ್ ಬಾರ್ಬ್, ನಿಯಾನ್ ಎರಡೂ ಗುಂಪಿನಲ್ಲಿ ಬಾಳುವ ಮೀನುಗಳು. ತಮ್ಮವರು ಕನಿಷ್ಠ ಆರಾದರೂ ಇಲ್ಲದಿದ್ದರೆ ಬಾರ್ಬ್ ಕೆರಳುತ್ತದೆ, ನಿಯಾನ್ ಅವಿತುಕೊಳ್ಳುತ್ತದೆ. ಗುಂಪು ದೊಡ್ಡದಾದರೆ ಬಾರ್ಬ್‌ಗಳ ಜಗಳ ಬಹುಮಟ್ಟಿಗೆ ತಮ್ಮತಮ್ಮೊಳಗೇ ಮುಗಿಯುತ್ತದೆ. ಸ್ವಭಾವವೆಂದು ನಾನು ತೀರ್ಮಾನಿಸಿದ್ದರಲ್ಲಿ ಹೆಚ್ಚಿನ ಪಾಲು ಒಂಟಿತನದ್ದು. ಹಾಗಾಗಿ ಆರೋಪಿಯ ಸ್ಥಾನದಲ್ಲಿ ನಿಲ್ಲಬೇಕಾದವನು ನಾನೇ. ಮಗಳಿಗೆ ಹಾಗೆಂದೇ ಹೇಳಿದೆ.

ಮತ್ತೆ ಅಂಗಡಿಗೆ ಹೋದಾಗ ಅವಳ ಕಣ್ಣು ಬಿದ್ದದ್ದು ಮೈಯುದ್ದಕ್ಕೂ ಕಪ್ಪು ಪಟ್ಟೆ, ಅದರ ಮೇಲೆ ಕೆಂಪು ಗೆರೆಯಿರುವ ಮೀನಿನ ಮೇಲೆ. ಡೆನಿಸನ್ ಬಾರ್ಬ್; ವ್ಯಾಪಾರಿಗಳು ಇಟ್ಟ ಹೆಸರು 'ಮಿಸ್ ಕೇರಳ'. 1865ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ ಈ ಮೀನು ಪಶ್ಚಿಮಘಟ್ಟದ ನದಿಗಳದ್ದು. ನಮ್ಮ ಚಂದ್ರಗಿರಿ ಹೊಳೆಯಲ್ಲಿಯೂ ಇದೆ. ಅಲಂಕಾರ ಮೀನಿನ ವ್ಯಾಪಾರಕ್ಕಾಗಿ ಹೊಳೆಗಳಿಂದ ಹಿಡಿದು ಹಿಡಿದು, ಇಂದು ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಸುಮಾರು 15 ಸೆಂಟಿಮೀಟರಿನವರೆಗೆ ಬೆಳೆಯುವ, ಗುಂಪಾಗಿ ಹರಿಯುವ ನೀರಿನಲ್ಲಿ ಈಜುವ ಅದಕ್ಕೆ ನಮ್ಮ ತೊಟ್ಟಿ ಸೆರೆಮನೆಯೇ ಸರಿ. ನಮ್ಮೂರಿನದೆಂಬ ಮಮತೆ ಸಾಕಾಗದು ಎಂದೆ. ಅವಳು ಒಪ್ಪಿದಳು, ಮುಖ ಸಣ್ಣದು ಮಾಡಿಕೊಂಡು.

ಈಗ ತೊಟ್ಟಿಯ ನಡುವೆ ಹತ್ತು ನಿಯಾನ್, ತಳದಲ್ಲಿ ಆರು ಕೊರಿಡೊರಾಸ್, ಮೇಲೆ ಒಂದು ಜೇನುಬಣ್ಣದ ಗೌರಾಮಿ. ಹೊಸಬರನ್ನು ಎರಡು ವಾರ ಬೇರೆ ಇರಿಸಿ ನೋಡಿ, ಬಳಿಕ ಸ್ವಲ್ಪಸ್ವಲ್ಪವಾಗಿ ಸೇರಿಸಿದೆವು. ಏಂಜೆಲ್‌ಗಳನ್ನೂ ಗಪ್ಪಿಗಳನ್ನೂ ಅವುಗಳಿಗೆ ತಕ್ಕ ತೊಟ್ಟಿಗಳಿದ್ದ ಪರಿಚಿತರಿಗೆ ಕೊಟ್ಟೆವು. ಬಾರ್ಬ್‌ಗಳು ಸಹೋದ್ಯೋಗಿಯೊಬ್ಬರ ಮನೆ ಸೇರಿದವು. ಅಲ್ಲಿ ಮೊದಲೇ ಎಂಟು ಬಾರ್ಬ್‌ಗಳಿದ್ದವು.

ಕಳೆದ ಭಾನುವಾರ ಅವನ್ನು ನೋಡಲು ಹೋಗಿದ್ದೆವು. ಹತ್ತೂ ಒಂದನ್ನೊಂದು ಅಟ್ಟುತ್ತ ಸುತ್ತುತ್ತಿದ್ದವು. ನಮ್ಮವು ಯಾವುವೆಂದು ಗುರುತಿಸಲಾಗಲಿಲ್ಲ. ಮಗಳು ಬಹಳ ಹೊತ್ತು ನೋಡಿ, "ನಮ್ಮ ತರಗತಿಯಲ್ಲಿ ಈ ವರ್ಷ ಹನ್ನೊಂದು ಮಂದಿ. ಅಷ್ಟು ಸಾಕಲ್ಲವೇ ಅಪ್ಪಾ?" ಎಂದಳು.

ಸಾಕು ಮಗಳೇ, ಎಂದೆ. ಮನಸ್ಸಿನಲ್ಲಿ ಮುಂದಿನ ವರ್ಷದ ಲೆಕ್ಕ ನಡೆದಿತ್ತು.