ಕೇಳಿಸದ ಪಾಠ

‘ಕಿವಿ ಎಲ್ಲಿಟ್ಟಿದ್ದೀಯೋ?’ ಎಂಬ ಬೈಗುಳ ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ವಿರಳ. ಗಮನವಿಲ್ಲದಿರುವುದು ಬೇರೆ, ಕೇಳಿಸದಿರುವುದು ಬೇರೆ ಎಂಬುದು ಬೈಯುವ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.

ನನ್ನ ತಂಗಿಯ ಮಗ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗಿನ ಮಾತು. ಮನೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದ್ದರು. ಗಣಿತದ ವಿಡಿಯೋ ಪಾಠಕ್ಕೆ ಕೂತವನು ಹತ್ತೇ ನಿಮಿಷಕ್ಕೆ ಎದ್ದುಬಿಡುತ್ತಿದ್ದ. ‘ಇವನಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ ಅಣ್ಣ, ನೀನಾದರೂ ಬುದ್ಧಿ ಹೇಳು’ ಎಂದಳು ತಂಗಿ. ಹುಡುಗ ತಲೆ ತಗ್ಗಿಸಿ, ‘ಮಾವ, ಸೌಂಡು ಪೂರ್ತಿ ಇಟ್ಟರೂ ಸರ್ ಪಿಸುಗುಟ್ಟಿದ ಹಾಗಿರುತ್ತೆ’ ಎಂದ.

ಹೆಡ್‌ಫೋನ್ ನನ್ನ ಕಿವಿಗೇ ಹಾಕಿಕೊಂಡೆ. ಪರದೆಯ ಮೂಲೆಯಲ್ಲಿ ಶೇ. 100 ಎಂದಿತ್ತು, ಕೇಳಿಸಿದ್ದು ಪಿಸುಮಾತು. ಅದೇ ಹೆಡ್‌ಫೋನನ್ನು ಮೊಬೈಲಿಗೆ ಸಿಕ್ಕಿಸಿದರೆ ದನಿ ಗಟ್ಟಿಯಾಗಿತ್ತು. ಕಂಪ್ಯೂಟರಿನಲ್ಲಿ ಬೇರೆ ವಿಡಿಯೋ ಹಾಕಿದೆ, ಅದೂ ಸಣ್ಣಗೆ. ಅಲ್ಲಿಗೆ ದೋಷ ಹೆಡ್‌ಫೋನಿನದೂ ಅಲ್ಲ, ಪಾಠದ್ದೂ ಅಲ್ಲ, ಹುಡುಗನದಂತೂ ಅಲ್ಲ ಎಂದಾಯಿತು.

ಮನೆಯ ಮೇಲಿನ ಟ್ಯಾಂಕಿನ ವಾಲ್ವು ಮುಚ್ಚಿದ್ದರೆ ಅಡುಗೆಮನೆಯ ನಲ್ಲಿಯನ್ನು ಎಷ್ಟು ತಿರುಗಿಸಿದರೇನು? ಲಿನಕ್ಸಿನ ಶಬ್ದವೂ ಹೀಗೆಯೇ ಹಲವು ‘ನಲ್ಲಿ’ಗಳನ್ನು ದಾಟಿ ಬರುತ್ತದೆ. ವಿಡಿಯೋದ್ದು ಒಂದು, ಡೆಸ್ಕ್‌ಟಾಪಿನದು ಇನ್ನೊಂದು, ಕೆಳಗೆ ಸೌಂಡ್ ಕಾರ್ಡನ್ನು ನೋಡಿಕೊಳ್ಳುವ ‘ಆಲ್ಸಾ’ದ್ದು ಮತ್ತೊಂದು. ಒಂದೆಡೆ ಅರ್ಧವಾದ ದನಿ ಇನ್ನೊಂದೆಡೆ ಮತ್ತೆ ಅರ್ಧವಾದರೆ ಉಳಿಯುವುದು ಕಾಲುಭಾಗ ಮಾತ್ರ.

ಟರ್ಮಿನಲ್ ತೆರೆದು, ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಜಾಗ ಬಿಡದೆ ‘ಆಲ್ಸಾಮಿಕ್ಸರ್’ ಎಂದು ಬರೆದು ಎಂಟರ್ ಒತ್ತಿದೆವು. ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿದಾಗ ಸಾಲಾಗಿ ಕಂಬಗಳು ಕಂಡವು. ‘ಮಾಸ್ಟರ್’ ತುದಿ ಮುಟ್ಟಿತ್ತು. ‘ಹೆಡ್‌ಫೋನ್’ ಎಂಬ ಕಂಬ ಮಾತ್ರ ನೆಲಕ್ಕಂಟಿಕೊಂಡಿತ್ತು! ಮೇಲ್ಮುಖದ ಬಾಣದ ಕೀಲಿಯನ್ನು ಹುಡುಗನೇ ಒತ್ತುತ್ತ ಹೋದ, ದನಿ ಏರಿತು. ಹೊಸ ಸ್ಪೀಕರಿನ ಖರ್ಚು ಉಳಿಯಿತು.

ವಿದ್ಯಾರ್ಥಿಗಳು ಎರಡು ಮಾತು ನೆನಪಿಡಬೇಕು. ಕಂಬದ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಅದರ ದನಿ ಮುಚ್ಚಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ತೆರೆಯುತ್ತದೆ. ಹಾಗೆ ತೆರೆಯುವ ಮುನ್ನ ಹೆಡ್‌ಫೋನ್ ಕಿವಿಯಿಂದ ತೆಗೆದಿಡಿ. ದನಿ ಒಮ್ಮೆಲೇ ಅಬ್ಬರಿಸಬಹುದು. ಕೆಲವು ಡೆಸ್ಕ್‌ಟಾಪುಗಳಲ್ಲಿ ಶೇ. 100ನ್ನೂ ಮೀರಿ ಏರಿಸಲು ಅವಕಾಶವುಂಟು. ಆದರೆ ಅಲ್ಲಿ ಸ್ವರ ಒಡೆದು ಕರ್ಕಶವಾಗುತ್ತದೆ.

ಇನ್ನು ಹೆತ್ತವರಿಗೆ. ಉಳಿದವರಿಗೆಲ್ಲ ಚೆನ್ನಾಗಿ ಕೇಳಿಸಿ, ಮಗುವಿಗೆ ಮಾತ್ರ ಕೇಳಿಸದಿದ್ದರೆ ಯಾವ ಕೀಲಿಯೂ ನೆರವಾಗದು. ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು, ಮಗು ಕೂರುವ ಕುರ್ಚಿಯಲ್ಲಿ ಒಂದು ನಿಮಿಷ ನೀವೇ ಕೂತು ಕೇಳಿ ನೋಡಿ. ಬುದ್ಧಿಮಾತು ಹೇಳುವುದಕ್ಕೆ ಆಮೇಲೂ ಸಮಯವಿರುತ್ತದೆ.